ಗೇಟಿನ ಬಳಿ ನಿಂತ ಚುಕ್ಕೆ

ಶಾಸನವೊಂದರಲ್ಲಿ ಕೊಟ್ಟಿರುವ ತಿಥಿಯೂ ವಾರವೂ ಒಂದಕ್ಕೊಂದು ಹೊಂದದಿದ್ದರೆ ಆ ಶಾಸನವನ್ನೇ ಅನುಮಾನಿಸಬೇಕೆಂದು ನನಗೆ ಕಲಿಸಿದ್ದರು. ಉದ್ಯೋಗದಲ್ಲಿದ್ದಷ್ಟು ಕಾಲ ಹಾಗೆಯೇ ನಡೆದುಕೊಂಡೆ. ನಿವೃತ್ತಿಯ ನಂತರವೂ ಆ ಅಭ್ಯಾಸ ಹೋಗಿಲ್ಲ. ದೆವ್ವವನ್ನು ಕಂಡೆವೆಂದವರನ್ನೂ, ಸತ್ತವರು ಕನಸಿನಲ್ಲಿ ಬಂದು ದಾರಿ ತೋರಿದರೆಂದವರನ್ನೂ ನಾನು ಕೇಳುತ್ತಿದ್ದುದು ಒಂದೇ: ಯಾವ ದಿನ, ಎಷ್ಟು ಹೊತ್ತಿಗೆ, ಪಕ್ಕದಲ್ಲಿ ಮತ್ತಾರಿದ್ದರು? ಹೆಚ್ಚಿನ ಕಥೆಗಳು ಅಲ್ಲಿಗೇ ನಿಂತುಬಿಡುತ್ತಿದ್ದವು. ಈಗ ಹೇಳಹೊರಟಿರುವ ಸಂಗತಿ ಆ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ ಮೇಲೂ ನಿಲ್ಲುವುದಿಲ್ಲ. ನನ್ನ ಹಳೆಯ ಸಹೋದ್ಯೋಗಿಗಳು ಇದನ್ನು ಓದಿದರೆ ಮುದುಕಿಗೆ ಅರಳುಮರುಳು ಹಿಡಿಯಿತೆಂದುಕೊಳ್ಳಬಹುದು. ಅಂದುಕೊಳ್ಳಲಿ.

ಆಲೂರು ಸೀಮೆಯ ವೀರಗಲ್ಲುಗಳ ಮರುಪರಿಶೀಲನೆಗೆಂದು ನಾನು ಆ ಬೇಸಿಗೆಯಲ್ಲಿ ಬಾಳ್ಳುಪೇಟೆಯಲ್ಲಿ ಉಳಿದುಕೊಂಡಿದ್ದೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಸಾಲುಮನೆಗಳ ಒಂದು ಓಣಿಯಲ್ಲಿ, ಇಲ್ಯಾಸ್ ಮತ್ತು ಜರೀನಾ ದಂಪತಿಯ ಮನೆಯ ಮುಂದಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತ್ತು. ಇಬ್ಬರೂ ನನ್ನ ಮಕ್ಕಳ ವಯಸ್ಸಿನವರು. ಏಕವಚನದ ಸಲಿಗೆಯನ್ನು ಅವರೇ ಕೊಟ್ಟಿದ್ದರು. ಜರೀನಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಇಲ್ಯಾಸನದು ಸ್ಪ್ರಿಂಕ್ಲರ್ ಕೆಲಸ. ಹೂಮಳೆ ಸಕಾಲಕ್ಕೆ ಬಾರದ ವರ್ಷ ಕಾಫಿ ಗಿಡ ಹೂ ಬಿಡಬೇಕಾದರೆ ನೀರು ಹಾರಿಸಬೇಕು. ಸ್ವಂತ ಸೆಟ್ ಇಲ್ಲದ ಸಣ್ಣ ತೋಟಗಳವರು ಇವನನ್ನು ಕರೆಯುತ್ತಿದ್ದರು. ಪೈಪುಗಳನ್ನೂ ಡೀಸೆಲ್ ಎಂಜಿನ್ನನ್ನೂ ಜೀಪಿಗೆ ಹೇರಿಕೊಂಡು ಹೋಗಿ, ತೋಟದ ಕೆರೆಯ ಪಕ್ಕ ಎಂಜಿನ್ ಇಳಿಸಿ, ದಿನವಿಡೀ ನೀರು ಹಾರಿಸಿ ಬರುತ್ತಿದ್ದ.

ಗಂಡಹೆಂಡತಿ ತಮ್ಮ ತಮ್ಮ ಫೋನುಗಳಲ್ಲಿ ಒಬ್ಬರಿದ್ದ ಜಾಗ ಇನ್ನೊಬ್ಬರಿಗೆ ನಕ್ಷೆಯ ಮೇಲೆ ಚುಕ್ಕೆಯಾಗಿ ಸದಾ ಕಾಣುವಂತೆ ಮಾಡಿಕೊಂಡಿದ್ದರು. ನಗರಗಳಲ್ಲಿ ದಂಪತಿಗಳು ಇದನ್ನು ಪ್ರೀತಿಯಿಂದಲೋ ಸಂಶಯದಿಂದಲೋ ಮಾಡುತ್ತಾರೆಂದು ಕೇಳಿದ್ದೇನೆ. ಇಲ್ಲಿ ಕಾರಣ ಆನೆ. ಆ ಭಾಗದ ತೋಟಗಳಲ್ಲಿ ಆನೆಗಳು ಹಗಲೂ ನಿಲ್ಲುತ್ತವೆ. ಕೆಲವು ಆನೆಗಳ ಕೊರಳಿಗೆ ಅರಣ್ಯ ಇಲಾಖೆಯವರು ರೇಡಿಯೊ ಕಾಲರ್ ಹಾಕಿರುವುದರಿಂದ ಯಾವ ಹಿಂಡು ಎಲ್ಲಿದೆಯೆಂದು ಊರವರ ಫೋನುಗಳಿಗೆ ಸಂದೇಶ ಬರುತ್ತದೆ. ಆನೆ ಇರುವ ಜಾಗ ತಿಳಿದ ಹೆಂಡತಿಗೆ ಗಂಡ ಇರುವ ಜಾಗವೂ ತಿಳಿದಿರಬೇಕಲ್ಲವೆ? ಜರೀನಾಳ ಹಟದಿಂದ ಈ ಏರ್ಪಾಡು ಆಗಿತ್ತು. ಪಕ್ಕದ ಮನೆಯ ವ್ಯಾನ್ ಚಾಲಕ ಮಂಜಣ್ಣನಿಗೆ ಇದೊಂದು ತಮಾಷೆ. "ಆನೆಗೂ ಕಾಲರ್ ಹಾಕವ್ರೆ, ನಿಂಗೂ ಹಾಕವ್ರೆ ಕಣೋ ಮಾರಾಯ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದ. "ಆನೆ ಕಾಲರ್‌ಗೆ ವರ್ಷಗಟ್ಲೆ ಬ್ಯಾಟ್ರಿ ಬತ್ತದೆ, ನಂದು ಸಂಜೆಗೇ ಖಾಲಿ" ಎಂದು ಇಲ್ಯಾಸ್ ಹಿಂತಿರುಗಿಸುತ್ತಿದ್ದ.

ಇದರಲ್ಲೊಂದು ತೊಡಕಿತ್ತು. ಕೆರೆಗಳಿರುವುದು ತಗ್ಗಿನಲ್ಲಿ; ಅಲ್ಲಿ ಸಿಗ್ನಲ್ ಸಿಗದು. ಆದ್ದರಿಂದ ಅಲ್ಲಿನ ಕೆಲಸಗಾರರು ದಿಬ್ಬದ ಮೇಲೆ, ಸಿಗ್ನಲ್ ಸಿಗುವ ತಿರುವಿನಲ್ಲಿ, ಒಂದು ಸಿಲ್ವರ್ ಓಕ್ ಮರಕ್ಕೆ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ನೇತುಹಾಕುತ್ತಾರೆ. ಶಬ್ದವನ್ನು ಪೂರ್ತಿ ಏರಿಸಿಟ್ಟಿರುತ್ತಾರೆ. ಎಚ್ಚರಿಕೆಯ ಕರೆ ಬಂದರೆ ಕೆಳಗಿನವರೆಗೆ ಕೇಳಿಸಬೇಕು ಎಂಬುದು ಲೆಕ್ಕಾಚಾರ. ಇದು ಜರೀನಾಗೂ ಗೊತ್ತಿತ್ತು. ಚುಕ್ಕೆ ಮರದ ಬಳಿ ಇದ್ದರೆ ಗಂಡ ಕೆಳಗೆ ಕೆಲಸದಲ್ಲಿದ್ದಾನೆ, ಚುಕ್ಕೆ ಅಲ್ಲಿಂದ ಕದಲಿದರೆ ಫೋನ್ ತೆಗೆದುಕೊಂಡು ಮನೆಗೆ ಹೊರಟಿದ್ದಾನೆ ಎಂದು ಆಕೆ ಓದಿಕೊಳ್ಳುತ್ತಿದ್ದಳು. ಆ ಓದು ಅಂದಿನವರೆಗೆ ಒಮ್ಮೆಯೂ ತಪ್ಪಿರಲಿಲ್ಲ.

ದಿನದ ಬಗ್ಗೆ ನಮ್ಮ ಮೂವರ ನೆನಪು ಹೊಂದುವುದಿಲ್ಲವಾದ್ದರಿಂದ ಅದನ್ನು ಇಲ್ಲೇ ಇತ್ಯರ್ಥ ಮಾಡುತ್ತೇನೆ. ಅದು ರಂಜಾನ್ ತಿಂಗಳು, ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮಂಜಣ್ಣ ಶುಕ್ರವಾರವೆನ್ನುತ್ತಾನೆ. ಆದರೆ ಶುಕ್ರವಾರಗಳಂದು ಇಲ್ಯಾಸ್ ಮಧ್ಯಾಹ್ನದ ನಮಾಜು ಮುಗಿಯದೆ ತೋಟಕ್ಕೆ ಹೋಗುತ್ತಿರಲಿಲ್ಲ. ಅಂದು ಬೆಳಗ್ಗೆಯೇ ಹೋಗಿದ್ದ. ಹಾಗಾಗಿ ಶುಕ್ರವಾರವಲ್ಲ. ಇನ್ನು ನನ್ನ ನೆನಪಿನಲ್ಲಿ ಆ ಸಂಜೆಯ ನೆಲದ ಮೇಲೆ ಬೆಳದಿಂಗಳಿದೆ. ಜರೀನಾ ಮಾತ್ರ ಮೊದಲ ಕೆಲವು ರೋಜಾ ಉಪವಾಸಗಳೊಳಗಿನ ಮಾತೆಂದು ಖಂಡಿತವಾಗಿ ಹೇಳುತ್ತಾಳೆ. ರಂಜಾನಿನ ಮೊದಲ ದಿನಗಳಲ್ಲಿ ಪಶ್ಚಿಮಕ್ಕೆ ಎಳೆಯ ಚಂದ್ರನಿರುತ್ತಾನೆಯೇ ಹೊರತು ನೆಲ ಬೆಳಗುವ ಬೆಳದಿಂಗಳು ಸಾಧ್ಯವಿಲ್ಲ. ಆದ್ದರಿಂದ ನಾನು ಕಂಡದ್ದು ಕೈಯಲ್ಲಿದ್ದ ಮೊಬೈಲುಗಳ ಬೆಳಕೇ ಇರಬೇಕು. ನನ್ನ ಸಾಕ್ಷ್ಯದಲ್ಲಿ ಇದೊಂದು ದೋಷವಿದೆಯೆಂದು ಓದುಗರು ಗಮನದಲ್ಲಿಟ್ಟುಕೊಳ್ಳಲಿ.

ಅಂದು ಇಲ್ಯಾಸ್ ಕುಂದೂರು ಕಡೆಯ ಒಂದು ತೋಟಕ್ಕೆ ಹೋಗಿದ್ದ. ಹೊತ್ತು ಇಳಿಯುವಾಗ ಜರೀನಾಳ ಫೋನಿಗೆ ಸಂದೇಶ ಬಂತು: ಅದೇ ತೋಟದ ಆಸುಪಾಸಿನಲ್ಲಿ ಮರಿಯಿರುವ ಹಿಂಡು. ಆಕೆ ಗಂಡನಿಗೆ ಫೋನ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಹೊಲಿಗೆ ಯಂತ್ರದ ಮುಂದೆ ಕೂತವಳು ಬಟ್ಟೆಯನ್ನು ಸೂಜಿಯ ಕೆಳಗೇ ಬಿಟ್ಟು ಎದ್ದಳು. ಎಂಜಿನ್ ಓಡುತ್ತಿರುವಾಗ ಮರದ ಮೇಲಿನ ಫೋನ್ ಕೇಳಿಸುತ್ತದೆಯೇ ಎಂದು ನಾನು ಕೇಳಿದೆ. ಎಲ್ಲ ತೋಟದಲ್ಲೂ ಕೇಳಿಸುವುದಿಲ್ಲ ಎಂದಳು. ಅದುವರೆಗೆ ನಾವಿಬ್ಬರೂ ಇದರ ಬಗ್ಗೆ ಮಾತೇ ಆಡಿರಲಿಲ್ಲವೆಂಬುದು ಈಗ ಸೋಜಿಗವೆನಿಸುತ್ತದೆ.

ತೋಟದ ಯಜಮಾನರು ಬೆಂಗಳೂರಿನಲ್ಲಿದ್ದರು, ತೋಟದ ಲೆಕ್ಕಪತ್ರ ನೋಡುವ ರೈಟರ್ ರಜೆಯಲ್ಲಿದ್ದ. ಜರೀನಾ ಮಂಜಣ್ಣನನ್ನು ಕರೆಯಲು ಹೊರಟಿದ್ದಳು, ಅಷ್ಟರಲ್ಲಿ ಚುಕ್ಕೆ ಕದಲಿತು. ಆಕೆ ಬಾಗಿಲಲ್ಲೇ ನಿಂತು ನನಗೆ ಫೋನ್ ತೋರಿಸಿದಳು. ಇಲ್ಯಾಸನ ಫೋಟೊ ಇರುವ ಪುಟ್ಟ ದುಂಡು ಮರದ ತಿರುವನ್ನು ಬಿಟ್ಟು ರಸ್ತೆಗಿಳಿದಿತ್ತು. "ಅಲ್ಲಾ, ಹೊರಟ್ರು" ಎಂದು ಉಸಿರುಬಿಟ್ಟು ಒಳಗೆ ಬಂದಳು. ಮಂಜಣ್ಣನನ್ನು ಕರೆಯಲಿಲ್ಲ.

ಮುಂದೆ ನಡೆದುದನ್ನು ನೆನೆದಾಗಲೆಲ್ಲ ನನಗೆ ಸಹಿಸಲಾಗದ್ದು ಆ ನೆಮ್ಮದಿ. ನಾವು ಖರ್ಜೂರ ಬಿಡಿಸಿಟ್ಟೆವು. ಆಕೆ ಗಂಜಿಗೆ ಒಗ್ಗರಣೆ ಹಾಕಿದಳು. ಫೋನನ್ನು ಅಡುಗೆಕಟ್ಟೆಗೆ ಒರಗಿಸಿಟ್ಟು ಇಬ್ಬರೂ ಆಗಾಗ ನೋಡುತ್ತಿದ್ದೆವು. ಚುಕ್ಕೆ ನಿಧಾನವಾಗಿ ಬರುತ್ತಿತ್ತು. ಪೈಪ್ ಹೇರಿದ ಜೀಪು, ಅದಕ್ಕೇ ನಿಧಾನ ಎಂದಳು. ರಸ್ತೆ ತಿರುಗಿದಲ್ಲೆಲ್ಲ ಅದೂ ತಿರುಗಿತು. ಆ ದಾರಿಯಲ್ಲಿ ಹಳಿಯನ್ನು ದಾಟುವಲ್ಲಿ ರೈಲ್ವೆ ಗೇಟ್ ಇದೆ. ಅಲ್ಲಿಗೆ ಬಂದು ಚುಕ್ಕೆ ನಿಂತಿತು. ಸ್ವಲ್ಪ ಹೊತ್ತಿಗೆ ಗೂಡ್ಸ್ ರೈಲಿನ ಕೂಗು ನಮ್ಮ ಮನೆಗೂ ಕೇಳಿಸಿತು. "ಗೇಟ್ ಹಾಕವ್ರೆ" ಎಂದು ಜರೀನಾ ಸೌಟು ತಿರುಗಿಸುತ್ತಲೇ ಹೇಳಿದಳು. ರೈಲು ಪೂರ್ತಿ ದಾಟಿ ಸದ್ದಡಗಿದ ಮೇಲೆ ಚುಕ್ಕೆ ಮತ್ತೆ ಹೊರಟಿತು.

ಮಸೀದಿಯ ಬಾಂಗ್ ಕೇಳಿಸುವ ಹೊತ್ತಿಗೆ ಅದು ನಮ್ಮ ಓಣಿಯೊಳಗಿತ್ತು. ಜೀಪಿನ ಸದ್ದಿಗೆ ಕಿವಿಗೊಟ್ಟೆವು. ಸದ್ದಿಲ್ಲ. ಚುಕ್ಕೆ ಮನೆಯ ಮೇಲೆ ಬಂದು ನಿಂತಿತು.

ಜರೀನಾ ಬಾಗಿಲು ತೆರೆದಳು. ಓಣಿಯಲ್ಲಿ ಯಾರೂ ಇರಲಿಲ್ಲ. ಹಿತ್ತಿಲಿಗೆ ಹೋದಳು, ಬಚ್ಚಲಿನ ಬಾಗಿಲು ದೂಡಿದಳು, ಗಲ್ಲಿಯ ತುದಿಯವರೆಗೆ ಓಡಿ ಬಂದಳು. ನಾನು ನಕ್ಷೆಯನ್ನು ಹಿಗ್ಗಿಸಿ ನೋಡಿದೆ. ಸಾಲುಮನೆಗಳ ಚೌಕಗಳಲ್ಲಿ ನಮ್ಮದರ ಮೇಲೆಯೇ, ಹಿಂಬದಿಗೆ, ಅಡುಗೆಮನೆಯ ಕಡೆ ಇತ್ತು. ಆಕೆ ಒಳಗೆ ಬಂದು ಗಂಡನಿಗೆ ಮತ್ತೆ ಫೋನ್ ಮಾಡಿದಳು. ಆಕೆಯ ಕಿವಿಯಲ್ಲಿ ರಿಂಗ್ ಹೋಗುತ್ತಿತ್ತು. ಮನೆಯಲ್ಲಿ ಎಲ್ಲಿಯೂ ಏನೂ ಮೊಳಗಲಿಲ್ಲ. ಆಗ ಆಕೆ ನಿಂತಲ್ಲೇ ಕೈಚಾಚಿ ತನ್ನ ಪಕ್ಕದ ಗಾಳಿಯನ್ನು ಮುಟ್ಟಿ ನೋಡಿದಳು. ಅದನ್ನು ನೋಡಬಾರದಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಖರ್ಜೂರ ಒಂದು ಕೈಯಲ್ಲಿ ಹಾಗೆಯೇ ಇತ್ತು. ರೋಜಾ ಬಿಡು ಮಗಳೇ, ಒಂದು ಗುಟುಕು ನೀರಾದರೂ ಕುಡಿ ಎಂದೆ. ಕೇಳಿಸಿಕೊಳ್ಳಲಿಲ್ಲ.

ಎಷ್ಟು ಹೊತ್ತು ಹಾಗೆ ಕಳೆಯಿತೆಂದು ಖಚಿತವಾಗಿ ಹೇಳಲಾರೆ. ಕಟ್ಟೆಯ ಮೇಲಿನ ಗಂಜಿ ಕೆನೆಗಟ್ಟಿದ್ದು ನೆನಪಿದೆ. ಆಮೇಲೆ ಚುಕ್ಕೆ ಮನೆಯನ್ನು ಬಿಟ್ಟಿತು. ಬಂದ ದಾರಿಯಲ್ಲೇ, ಓಣಿಯಿಂದ ರಸ್ತೆಗೆ. ಯಾರೋ ಫೋನ್ ಕದ್ದಿದ್ದಾರೆ ಎಂಬುದು ನನ್ನ ಮೊದಲ ಊಹೆ. ಅದಕ್ಕಿಂತ ಸಮಂಜಸವಾದುದು ಇರಲಿಲ್ಲ. ಜರೀನಾ ಊಹೆಗೆ ಕಾಯದೆ ಮಂಜಣ್ಣನ ಬಾಗಿಲು ಬಡಿದಾಗಿತ್ತು. ಅವನೂ ಕಳ್ಳನೆಂದೇ ತಿಳಿದು, ಒಂದು ಕಬ್ಬಿಣದ ಸರಳನ್ನು ವ್ಯಾನಿನಲ್ಲಿ ಹಾಕಿಕೊಂಡು ಹೊರಟ.

ನಾನು ಮುಂದಿನ ಸೀಟಿನಲ್ಲಿ ಕೂತು ಜರೀನಾಳ ಫೋನನ್ನು ಹಿಡಿದು ದಾರಿ ಹೇಳುತ್ತಿದ್ದೆ. ಹಿಂದೆ ಕೂತ ಆಕೆ ಮಂಜಣ್ಣನ ಫೋನಿನಿಂದ ಗಂಡನಿಗೆ ಕರೆ ಮಾಡುತ್ತಲೇ ಇದ್ದಳು. ಗೇಟ್ ತೆರೆದಿತ್ತು, ದಾಟಿದೆವು. ಚುಕ್ಕೆ ನಮಗಿಂತ ಮುಂದೆ ಹೋಗುತ್ತಿತ್ತು. ರಸ್ತೆ ಕಾಣುವಷ್ಟು ದೂರದವರೆಗೂ ವ್ಯಾನಿನ ದೀಪದಲ್ಲಿ ಒಂದು ವಾಹನವಾಗಲಿ ನಡೆದುಹೋಗುವ ಮನುಷ್ಯನಾಗಲಿ ಕಾಣಲಿಲ್ಲ. ಮಂಜಣ್ಣ ಬೈಯುವುದನ್ನು ನಿಲ್ಲಿಸಿದ್ದ. ಒಮ್ಮೆ ಮಾತ್ರ, ನಕ್ಷೆ ಸರಿಯಾಗಿ ನೋಡಿ ಮೇಡಮ್ಮೋರೇ, ಎದುರುಗಡೆ ಯಾರೂ ಇಲ್ವಲ್ಲ ಎಂದ. ಸರಿಯಾಗಿಯೇ ನೋಡುತ್ತಿದ್ದೆ.

ತೋಟದ ದಾರಿ ಹಿಡಿದು ದಿಬ್ಬದ ತಿರುವಿಗೆ ಬಂದಾಗ ಚುಕ್ಕೆ ಆಗಲೇ ತಿರುವನ್ನು ಬಿಟ್ಟು ಎಡಕ್ಕೆ, ತೋಟದ ಅಂಚಿನತ್ತ ಇಳಿದಿತ್ತು. ಅದೇ ಕ್ಷಣಕ್ಕೆ ಹೊರಗೆ, ನಮ್ಮ ತಲೆಯ ಮಟ್ಟಕ್ಕಿಂತ ತುಸು ಮೇಲೆ, ಫೋನೊಂದು ಮೊಳಗತೊಡಗಿತು. ಮಂಜಣ್ಣ ಬ್ರೇಕ್ ಒತ್ತಿದ. ಸಿಲ್ವರ್ ಓಕ್ ಮರದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಲ್ಯಾಸನ ಫೋನು ಬೆಳಗುತ್ತಾ ಕೂಗುತ್ತಿತ್ತು. ಕರೆ ಮಾಡುತ್ತಿದ್ದವಳು ನನ್ನ ಹಿಂದೆ ಕೂತಿದ್ದ ಜರೀನಾ.

"ಫೋನ್ ಇಲ್ಲೇ ನೇತಾಡ್ತೈತಲ್ಲ ಜರೀನಕ್ಕ. ಹಂಗಾರೆ ನಾವು ಯಾವನ್ನ ಅಟ್ಟಿಸ್ಕೊಂಡು ಬಂದ್ವಿ?" ಎಂದ ಮಂಜಣ್ಣ. ಇಳಿದು ಫೋನ್ ತೆಗೆದುಕೊಂಡು, ಸೀದಾ ಕೆರೆಯ ಬಳಿ ಹೋಗಿ ನೋಡೋಣವೆಂದು ಅವನ ಸೂಚನೆ. ಎಂಜಿನ್ ಇರುವುದು ಬಲಕ್ಕೆ, ಕೆರೆಯ ಹತ್ತಿರ; ಡೀಸೆಲ್ ಮುಗಿದಿತ್ತೇನೋ, ಅದರ ಸದ್ದಿರಲಿಲ್ಲ. ಕೆಲಸಗಾರನನ್ನು ಹುಡುಕಬೇಕಾದ್ದು ಅಲ್ಲಿಯೇ. ನನಗೂ ಅದೇ ಯುಕ್ತವೆನಿಸಿತು. ಹಿಂಡು ಸುತ್ತಮುತ್ತಲಿರುವಾಗ ಎರಡು ಕಡೆ ಹುಡುಕುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಒಂದು ಕಡೆಯನ್ನು ಆರಿಸಬೇಕಿತ್ತು.

ಜರೀನಾ ನನ್ನ ಕೈಯಿಂದ ತನ್ನ ಫೋನನ್ನು ಕಿತ್ತುಕೊಂಡು ನೋಡಿದಳು. "ಫೋನ್ ಅಲ್ಲೇ ಇರ್ಲಿ ಮಂಜಣ್ಣ" ಎಂದಳು. "ಇವ್ರು ಇಲ್ಲಿ ಕೆಳಗವ್ರೆ."

ಬಾಗಿಲು ತೆಗೆದು ಎಡಗಡೆಯ ಇಳಿಜಾರಿನಲ್ಲಿ ಇಳಿದೇಬಿಟ್ಟಳು. ನಾವು ಹಿಂದೆ ಓಡಿದೆವು. ಕಾಫಿ ಗಿಡಗಳ ನಡುವೆ ಹಸಿ ಲದ್ದಿಯ ವಾಸನೆ ಇತ್ತು. ಮುರಿದ ಕೊಂಬೆಗಳು ಕಾಲಿಗೆ ಸಿಗುತ್ತಿದ್ದವು. ಅರ್ಧ ದಾರಿಯಲ್ಲಿ ಸಿಗ್ನಲ್ ಹೋಗಿ ಚುಕ್ಕೆ ಮಸುಕಾಯಿತು. ಆಕೆ ಕೊನೆಯ ಬಾರಿ ಅದು ಕಂಡ ಜಾಗವನ್ನು ಹಿಡಿದು ಹೋದಳು, ಗಂಡನ ಹೆಸರು ಕೂಗುತ್ತಾ. ಆನೆಗಳಿರುವಲ್ಲಿ ಕೂಗಬಾರದೆಂದು ಮಂಜಣ್ಣ ಹಲ್ಲುಕಚ್ಚಿ ಹೇಳಿದ. ಆಕೆಗೆ ಯಾವುದೂ ನಾಟುತ್ತಿರಲಿಲ್ಲ. ಕಾಡಂಚಿನಲ್ಲಿ ಆನೆ ತಡೆಯಲು ತೋಡಿದ ಕಂದಕದ ಅಂಚಿಗೆ ಬಂದು ಮೊಬೈಲಿನ ಬೆಳಕು ಕೆಳಗೆ ಬಿಟ್ಟಾಗ ಇಲ್ಯಾಸ್ ತಳದಲ್ಲಿ ಬಿದ್ದಿದ್ದ. ಒಂದು ಕಾಲು ಇರಬಾರದ ರೀತಿಯಲ್ಲಿ ಮಡಚಿಕೊಂಡಿತ್ತು. ಅಂಗಿಯೆಲ್ಲ ರಕ್ತ.

ಮಂಜಣ್ಣ ಇಳಿದ. ಉಸಿರಿದೆ ಎಂದ. ಜರೀನಾ ಜಾರಿಕೊಂಡೇ ಇಳಿದು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆತ ಏನೋ ಹೇಳಿದ. ಅವರ ಮನೆಮಾತು ಉರ್ದು. ನನಗೆ ಪೂರ್ತಿ ತಿಳಿಯದು. ಅಂಬುಲೆನ್ಸ್ ಬಂದು ಹಾಸನದ ದಾರಿ ಹಿಡಿದ ಮೇಲೆ ಏನೆಂದನೆಂದು ಜರೀನಾಳನ್ನು ಕೇಳಿದೆ. "ಗೇಟ್ ಹಾಕ್ಬುಟ್ಟಿದ್ರಂತೆ ಮೇಡಮ್ಮೋರೇ. ಅದ್ಕೇ ತಡ ಆಯ್ತಂತೆ" ಎಂದಳು.

ಇಲ್ಯಾಸ್ ಬದುಕಿದ. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ಹೇಳಿದರು. ನಮ್ಮ ನೆಮ್ಮದಿಯ ಆ ಹೊತ್ತನ್ನು ನಾವು ಅವರಿಗೆ ಹೇಳಲಿಲ್ಲ. ಅವನಿಗೆ ನೆನಪಿರುವುದು ಇಷ್ಟೆ: ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ, ತಿರುಗಿ ನೋಡಿದಾಗ ಹೆಣ್ಣಾನೆ ಬಹಳ ಹತ್ತಿರವಿತ್ತು, ಎಡಕ್ಕೆ ಓಡಿದ. ಕಂದಕದಲ್ಲಿ ಬಿದ್ದಾಗ ಬಿಸಿಲು ಇನ್ನೂ ತಳದವರೆಗೆ ಬೀಳುತ್ತಿತ್ತು. ಆ ಬಿಸಿಲೊಂದೇ ನನಗೆ ಸಿಕ್ಕ ಗಟ್ಟಿ ಆಧಾರ. ಚುಕ್ಕೆ ಮನೆಗೆ ಹೊರಟಾಗ ಸೂರ್ಯ ತುಂಬ ಕೆಳಗಿಳಿದಿದ್ದ; ಅದಕ್ಕೆ ಮೊದಲೇ ಅವನು ಬಿದ್ದಾಗಿತ್ತು. ಗೇಟಿನ ಮಾತನ್ನು ಆಡಿದ್ದು ಅವನಿಗೆ ನೆನಪಿಲ್ಲ.

ಆಮೇಲೆ ನಾನು ಮಾಡಬಹುದಾದ ಪರಿಶೀಲನೆಯನ್ನೆಲ್ಲ ಮಾಡಿದೆ. ಇಲ್ಯಾಸನ ಫೋನಿನಲ್ಲಿ ಅಂದಿನ ಓಡಾಟದ ದಾಖಲೆ ಇದೆ. ಬೆಳಗ್ಗೆ ಮನೆಯಿಂದ ಮರಕ್ಕೆ, ಮರುದಿನ ಮಂಜಣ್ಣ ಬಿಚ್ಚಿ ತರುವವರೆಗೆ ಮರದಲ್ಲೇ. ಜರೀನಾಳ ಫೋನಿನಲ್ಲಿ ಆ ಸಂಜೆ ನಾವು ಕಂಡದ್ದರ ಗುರುತೇ ಉಳಿದಿಲ್ಲ. ದೂರಸಂಪರ್ಕದ ಕೆಲಸದಲ್ಲಿದ್ದ ನನ್ನ ಪರಿಚಿತರೊಬ್ಬರು ತಾಳ್ಮೆಯಿಂದ ವಿವರಿಸಿದರು: ಗುಡ್ಡಗಾಡಿನಲ್ಲಿ ಫೋನು ಒಂದು ಟವರಿನಿಂದ ಇನ್ನೊಂದಕ್ಕೆ ಹಾರುವಾಗ ಚುಕ್ಕೆ ಮೈಲಿಗಟ್ಟಲೆ ನೆಗೆಯುವುದುಂಟು. ನಂಬುತ್ತೇನೆ. ಆದರೆ ಅದು ನೆಗೆಯಲಿಲ್ಲ. ರಸ್ತೆಯ ಪ್ರತಿ ತಿರುವನ್ನೂ ಸುತ್ತಿ ಬಂತು. ಮುಚ್ಚಿದ ಗೇಟಿನ ಎದುರು ರೈಲು ಹೋಗುವವರೆಗೆ ಕಾದಿತು. ಇದನ್ನು ಹೇಳಿದಾಗ ಅವರು ಕಾಕತಾಳೀಯ ಎಂದರು. ಗೇಟಿನ ಮಾತು ಪ್ರಜ್ಞೆ ತಪ್ಪುವವನ ಬಡಬಡಿಕೆ ಎಂದೂ ಹೇಳಬಹುದು. ಅವನು ದಿನವೂ ದಾಟುವ ಗೇಟು ಅದು. ಒಂದೊಂದನ್ನೇ ಬಿಡಿಯಾಗಿ ತೆಗೆದುಕೊಂಡರೆ ಎಲ್ಲಕ್ಕೂ ಸಮಾಧಾನವಿದೆ. ಒಟ್ಟಿಗಿಟ್ಟಾಗ ಆ ಸಮಾಧಾನಗಳು ಒಂದಕ್ಕೊಂದು ಹೊಂದುವುದಿಲ್ಲ. ಅದು ಅವನಾಗಿದ್ದರೆ, ಹೆಂಡತಿಯನ್ನು ಕರೆಯಲು ಬಂದನೋ, ಬರಿದೆ ರೋಜಾ ಬಿಡುವ ಹೊತ್ತಿಗೆ ಮನೆ ಸೇರಲು ಬಂದನೋ ಎಂದು ಜರೀನಾ ಒಮ್ಮೆ ನನ್ನನ್ನು ಕೇಳಿದಳು. ವಿದ್ಯಾವಂತೆಯಾದ ನನಗೆ ಗೊತ್ತಿರಬಹುದೆಂಬ ನಿರೀಕ್ಷೆ ಆಕೆಯ ಕಣ್ಣಲ್ಲಿತ್ತು.

ಕಳೆದ ಮಳೆಗಾಲದ ನಂತರ ಅವರನ್ನು ನೋಡಿಬರಲು ಹೋಗಿದ್ದೆ. ಇಲ್ಯಾಸ್ ವಾಕರ್ ಹಿಡಿದು ಮನೆಯೊಳಗೆ ಅಷ್ಟಿಷ್ಟು ನಡೆಯುತ್ತಾನೆ. ಜಾಗ ತೋರುವ ಏರ್ಪಾಡನ್ನು ಅವರು ತೆಗೆದುಹಾಕಿಲ್ಲ. ತೆಗೆದುಹಾಕಲು ಅವನು ಬಿಡುತ್ತಿಲ್ಲವೆಂದು ಜರೀನಾ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು. ದಿನಕ್ಕೆ ಹಲವು ಸಲ ಫೋನ್ ನೋಡಲು ಹೇಳುತ್ತಾನಂತೆ. ನಾವು ಮೂವರೂ ಚಹಾ ಕುಡಿಯುತ್ತಾ ಕೂತಿದ್ದಾಗಲೂ ಹೇಳಿದ.

"ಏ, ನೋಡೇ. ಎಲ್ಲಿದೀನಿ ನಾನು?"

ಅವನ ಫೋನು ಅವನ ಅಂಗಿಯ ಜೇಬಿನಲ್ಲೇ ಇತ್ತು. ಜರೀನಾ ತನ್ನ ಫೋನನ್ನು ತೆಗೆದು ನೋಡಿದಳು. ಒಂದು ನೋಟಕ್ಕೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಅವನು ಚಹಾದ ಲೋಟ ಕೆಳಗಿಟ್ಟು ಮತ್ತೆ ಕೇಳಿದ.

"ಇಲ್ಲೇ ಇದೀರಿ ಕಣ್ರೀ" ಎಂದಳು. ಎದ್ದುಹೋಗಿ ಅವನಿಗೆ ಒತ್ತಿಕೊಂಡು ಕೂತು, ಅವನ ತೋಳನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡಳು. ಏಳುವ ಮೊದಲು ಫೋನನ್ನು ಮಗುಚಿ ಚಾಪೆಯ ಮೇಲೆ ನನ್ನ ಕಡೆಗೆ ಸರಿಸಿದ್ದಳು. ಅದು ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ನಾನು ಅದನ್ನು ತಿರುಗಿಸಿ ನೋಡಲಿಲ್ಲ.